ಬೆನ್ನಲ್ಲಿ ಕಟಕಟ, ಮೂಳೆ ಸವೆದಿದೆಯಾ?

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ. ಐದು ತಿಂಗಳಿಂದ ಬಲಗೈ ಮೇಲೆತ್ತಿದರೆ ಬೆನ್ನಿನ ರೆಕ್ಕೆಮೂಳೆ ಕಟಕಟ ಅನ್ನುತ್ತದೆ. ಕಪಾಟಿನ ಮೇಲಿಂದ ಡಬ್ಬ ಇಳಿಸುವಾಗ ನೋವೂ ಇದೆ. ನಮ್ಮ ಯಜಮಾನರು ಅಲ್ಲಿ ಕೈಯಿಟ್ಟು ನೋಡಿ "ಒಳಗೆ ಮರಳು ಅರೆದ ಹಾಗಿದೆ" ಅಂದರು. ಎಕ್ಸ್‌-ರೇ ನಾರ್ಮಲ್ ಬಂದಿದೆ. ಮೂಳೆ ಸವೆದಿದೆಯಾ? ಆಪರೇಷನ್ ಬೇಕಾ?
- ಹೆಸರು ಬೇಡ

ಉತ್ತರ: ನಿಮ್ಮ ಯಜಮಾನರು ಅರ್ಧ ಪರೀಕ್ಷೆ ಮುಗಿಸಿಬಿಟ್ಟಿದ್ದಾರೆ! ನಾವೂ ಹಾಗೇ ಅಂಗೈ ಇಟ್ಟು, ಕೈ ಎತ್ತಿಸಿ, ಇಳಿಸಿ ನೋಡುತ್ತೇವೆ.

ಸವೆಯೋಕೆ ಅಲ್ಲಿ ಕೀಲೇ ಇಲ್ಲ. ರೆಕ್ಕೆಮೂಳೆ, ಅಂದರೆ ಸ್ಕ್ಯಾಪುಲಾ, ಪಕ್ಕೆಲುಬುಗಳ ಮೇಲೆ ಸ್ನಾಯುಗಳ ಮೆತ್ತೆ ಹಾಸಿಕೊಂಡು ಜಾರುತ್ತದೆ. ನಡುವೆ ಬರ್ಸಾ ಎಂಬ ತೆಳು ಚೀಲಗಳಿವೆ. ಭುಜ ಮುಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಮೌಸ್ ಹಿಡಿದರೆ ಮೂಳೆಯ ಮೇಲಿನ ಒಳಮೂಲೆ ಆ ಚೀಲವನ್ನು ಉಜ್ಜಿ ಊದಿಸಬಹುದು. ನಿಮ್ಮದು ಇದೇ ಇರಬೇಕು ಅನ್ನಿಸುತ್ತದೆ.

ಬರೀ ಸದ್ದು ರೋಗವಲ್ಲ. ನನ್ನ ಎಡ ರೆಕ್ಕೆಮೂಳೆ ಇಪ್ಪತ್ತು ವರ್ಷದಿಂದ ಕಟ್ ಅನ್ನುತ್ತಲೇ ಇದೆ. ನೋವಿಲ್ಲ, ಸುಮ್ನೆ ಬಿಟ್ಟಿದ್ದೇನೆ. ನಿಮಗೆ ನೋವಿದೆ, ಹಾಗಾಗಿ ತೋರಿಸಲೇಬೇಕು. ಎದುರಿನಿಂದ ತೆಗೆದ ಎಕ್ಸ್‌-ರೇ ಒಂದೇ ಸಾಲದು. ಮೂಳೆಯ ಅಡಿಮೈಯಲ್ಲಿ ಬೆಳೆದ ಗಂಟು ಅದರಲ್ಲಿ ತಪ್ಪಿಹೋಗಬಹುದು, ಪಕ್ಕದಿಂದ ತೆಗೆದದ್ದೂ ಬೇಕು. ಗಂಟಿನ ಅನುಮಾನ ಬಂದರೆ ಸಿಟಿ, ಬರ್ಸಾ ನೋಡಲು ಎಂಆರ್‌ಐ. ಕುತ್ತಿಗೆಯನ್ನೂ ಪರೀಕ್ಷಿಸಲು ಹೇಳಿ, ಎಷ್ಟೋ ಸಲ ನೋವು ಅಲ್ಲಿಂದ ಇಳಿದಿರುತ್ತದೆ. ಕೈಗೆ ಸಿಗುವ ಗಂಟು, ಜೋಮು, ನಿದ್ದೆಗೆಡಿಸುವ ರಾತ್ರಿ ನೋವು ಇದ್ದರೆ ತಡಮಾಡಬೇಡಿ.

ಗಂಟು ಇಲ್ಲದಿದ್ದರೆ ಮೊದಲ ಮದ್ದು ಫಿಸಿಯೋಥೆರಪಿ. ಮೂರರಿಂದ ಆರು ತಿಂಗಳು ಹಿಡಿಯುತ್ತದೆ, ಮೂರೇ ವಾರಕ್ಕೆ ಬೇಸತ್ತು ಬಿಡುವವರೇ ಜಾಸ್ತಿ. ಒಂದು ವ್ಯಾಯಾಮ ಹೇಳುತ್ತೇನೆ. ಗೋಡೆಗೆ ಎರಡೂ ಅಂಗೈ ಊರಿ ನಿಲ್ಲಿ. ಮೊಣಕೈ ಮಡಚದೆ ಎದೆಯನ್ನು ಗೋಡೆಯತ್ತ ಬಿಡಿ, ರೆಕ್ಕೆಮೂಳೆಗಳು ಹತ್ತಿರ ಬರುತ್ತವೆ. ಈಗ ಗೋಡೆಯನ್ನು ಒತ್ತಿ, ಅವು ದೂರ ಸರಿಯುತ್ತವೆ. ಹೀಗೆ ಹತ್ತು ಸಲ. ನೋವು ಹೆಚ್ಚಾದರೆ ನಿಲ್ಲಿಸಿ. ಮತ್ತೆ, ಬಂದವರಿಗೆಲ್ಲ ಕಟಕಟ ಅನ್ನಿಸಿ ತೋರಿಸಬೇಡಿ!

ಇದಕ್ಕೆ ಬಗ್ಗದಿದ್ದರೆ ಬರ್ಸಾಗೆ ಮರಗಟ್ಟಿಸುವ ಔಷಧ ಮತ್ತು ಸ್ಟೀರಾಯ್ಡ್ ಚುಚ್ಚುತ್ತಾರೆ. ಚುಚ್ಚಿದ ಕೂಡಲೇ ನೋವು ಹೋಯಿತಾ, ಜಾಗ ಸರಿಯಾಗಿದೆ ಅಂತ ಲೆಕ್ಕ. ಕೆಳಗೇ ಶ್ವಾಸಕೋಶ ಇರುವುದರಿಂದ ಪಳಗಿದ ಕೈಯೇ ಬೇಕು. ಕೀಹೋಲ್ ಆಪರೇಷನ್ ಮಾಡಿ ಬರ್ಸಾ ತೆಗೆದು ಮೂಲೆ ಹೆರೆಯುವುದು ಕೊನೆಯ ಮಾತು.

ಇಷ್ಟಾದರೂ ಸದ್ದು ಪೂರ್ತಿ ನಿಲ್ಲದೆ ಇರಬಹುದು. ನೋವು ಹೋದರೆ ಸಾಕು, ಯಜಮಾನರಿಗೆ ಕೈ ತೆಗೆಯಲು ಹೇಳಿ.