ಭಾವನೆ ತೋರಿಸದ ಹೆತ್ತವರ ಬಳಿ ಬೆಳೆದವರು ದೊಡ್ಡವರಾದ ಮೇಲೆ ತಮ್ಮ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ?

ಶಾಲೆಯ ಶುಲ್ಕ ಕಟ್ಟಿದರು, ಊಟ ಬಟ್ಟೆಗೆ ಕೊರತೆ ಮಾಡಲಿಲ್ಲ. ಆದರೆ "ಏಕೆ ಸಪ್ಪಗಿದ್ದೀಯ?" ಎಂದು ಒಮ್ಮೆಯೂ ಕೇಳಲಿಲ್ಲ. ಇಂಥ ಮನೆಯ ಮಗು ತನಗೆ ಬೇಕಾದದ್ದನ್ನು ಕೇಳದೆ ನುಂಗಿಕೊಳ್ಳಲು ಕಲಿತುಬಿಡುತ್ತದೆ. ಮೂವತ್ತು ದಾಟಿದ ಮೇಲೂ ಜ್ವರವಿದ್ದಾಗ ರಜೆ ಕೇಳಲು ಅಳುಕುವುದು, ಯಾರಾದರೂ ಹೊಗಳಿದರೆ ಮುಜುಗರಪಡುವುದು ಅದರದೇ ಮುಂದುವರಿಕೆ.

ದೇಹದಿಂದಲೇ ಶುರುಮಾಡಿ. ಹಸಿವು, ನಿದ್ದೆ, ಆಯಾಸಗಳನ್ನು ಮುಂದೂಡಬೇಡಿ. ಭಾವನೆಗಳನ್ನು ಗುರುತಿಸುವುದು ನಂತರದ ಅಭ್ಯಾಸ: "ಏನೋ ಕಸಿವಿಸಿ" ಎಂದು ಬಿಟ್ಟುಬಿಡದೆ, "ಅಕ್ಕ ಫೋನ್ ಮಾಡಲಿಲ್ಲ, ಬೇಸರವಾಗಿದೆ" ಎಂದು ಡೈರಿಯಲ್ಲಿ ಒಂದು ಸಾಲು ಬರೆದರೂ ಸಾಕು. ಆಮೇಲೆ ನಂಬಿಕಸ್ಥರೊಬ್ಬರ ಬಳಿ ಚಿಕ್ಕ ಸಹಾಯ ಕೇಳಿ ನೋಡಿ, ಆಸ್ಪತ್ರೆಗೆ ಜೊತೆಗೆ ಬರುವಂತೆ ಕೇಳಿದರೂ ಆದೀತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು ಇದೇ.

"ಹೆತ್ತವರನ್ನು ದೂರಬಾರದು" ಎಂಬ ಬುದ್ಧಿವಾದವೂ ಬಂದೇ ಬರುತ್ತದೆ. ನೋವನ್ನು ಒಪ್ಪಿಕೊಂಡೂ ತಿಂಗಳು ತಿಂಗಳು ಅವರ ಔಷಧಿಗೆ ದುಡ್ಡು ಕಳುಹಿಸುವವರು ಬೇಕಾದಷ್ಟಿದ್ದಾರೆ. ಅಪ್ಪ ಈಗಲಾದರೂ ಬದಲಾದಾರು ಎಂದು ಮಾತ್ರ ಕಾಯುತ್ತಾ ಕೂರಬೇಡಿ.

ನಿದ್ದೆ ಕೆಟ್ಟು, ಬದುಕೇ ಬೇಡ ಎನಿಸಿದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ ಇದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.