ಅರ್ಥ ಹುಡುಕುವ ಮುಂಚೆ ದನಿ ಕೇಳಿ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಖುಷಿಯಿಂದ ಓದಿದೆ. ಅಮೆರಿಕದ ಕವಿ, ರಾಕ್ ಗಾಯಕಿ ಪ್ಯಾಟಿ ಸ್ಮಿತ್ ಅವರ ‘ಬರ್ಡ್‌ಲ್ಯಾಂಡ್’ ಹಾಡಿನಲ್ಲಿ ಬರುವ ಆಕಾಶನೌಕೆ ಎಂದರೆ ಅಮಲು, ಪ್ರತಿ ಪದದ ಹಿಂದೆಯೂ ಒಂದು ಗುಟ್ಟಿದೆ ಎಂದು ಬರೆದಿದ್ದೀರಿ. ಹಾಡಿನ ಸಾಲು ಓದಿದರೆ ಸಾಕಲ್ವಾ, ಅವರ ಕವಿತಾವಾಚನ ಯಾಕೆ ಕೇಳಬೇಕು ಎಂದೂ ಕೇಳಿದ್ದೀರಿ.

ಮೊದಲು ಆ ನೌಕೆಯ ವಿಷಯ. ಮನೋವೈದ್ಯ ವಿಲ್ಹೆಲ್ಮ್ ರೈಖ್ 1957ರಲ್ಲಿ ತೀರಿಕೊಂಡಾಗ ಮಗ ಪೀಟರ್ ಇನ್ನೂ ಹುಡುಗ. ದೊಡ್ಡವರಾದ ಮೇಲೆ ಪೀಟರ್ ಆ ಬಾಲ್ಯವನ್ನು ಪುಸ್ತಕವಾಗಿ ಬರೆದರು. ಅದನ್ನು ಓದಿ ಪ್ಯಾಟಿ ಈ ಹಾಡು ಕಟ್ಟಿದರು. ಅಪ್ಪನನ್ನು ಕಳೆದುಕೊಂಡ ಹುಡುಗ, ಅಪ್ಪ ಆಕಾಶನೌಕೆಯಲ್ಲಿ ಬಂದು ತನ್ನನ್ನೂ ಕರೆದುಕೊಂಡು ಹೋಗಲಿ ಎಂದು ಬೇಡುತ್ತಾನೆ. ಇಷ್ಟು ಗೊತ್ತಾದ ಮೇಲೂ ಅದನ್ನು ಅಮಲು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಒಂದು ಮಗುವಿನ ಸಂಕಟವನ್ನು ಒಗಟು ಮಾಡಿಕೊಂಡು ಬಿಡಿಸುತ್ತಾ ಕೂತಿದ್ದೇವಲ್ಲ!

ಆದರೆ ಈ ಹಿನ್ನೆಲೆ ತಿಳಿದರೂ ಹಾಡು ಪೂರ್ತಿ ಸಿಕ್ಕಂತಲ್ಲ. ಹಾಡು ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ. ಶುರುವಿನಲ್ಲಿ ಮೆಲ್ಲಗೆ ಪಿಯಾನೊ, ಕಥೆ ಹೇಳುವಂಥ ದನಿ. ಬರಬರುತ್ತಾ ಉಸಿರು ಬಿಗಿಯಾಗುತ್ತದೆ, ಪದಗಳು ಒಂದನ್ನೊಂದು ನೂಕಿಕೊಂಡು ಬರುತ್ತವೆ, ದನಿ ಕೂಗಾಗುತ್ತದೆ. ಹುಡುಗ ಬೇಡುವುದು ಆ ಕೂಗಿನಲ್ಲಿ. ಸಾಲುಗಳನ್ನು ಸುಮ್ನೆ ಕಣ್ಣಲ್ಲಿ ಓದಿದರೆ ಅದು ಕೈಗೆ ಸಿಗುವುದೇ ಇಲ್ಲ.

ಈ ದನಿ ಪ್ಯಾಟಿಯವರಿಗೆ ಬಂದಿದ್ದು ಕವಿತಾವಾಚನದಿಂದಲೇ. 1971ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಅವರು ಕವಿತೆ ಓದಿದರು. ಜೊತೆಗೆ ಲೆನ್ನಿ ಕೇ ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. ಆಗ ಇನ್ನೂ ಬ್ಯಾಂಡ್ ಇರಲಿಲ್ಲ, ಆಲ್ಬಂ ಇರಲಿಲ್ಲ. 1975ರಲ್ಲಿ ‘ಬರ್ಡ್‌ಲ್ಯಾಂಡ್’ ಇರುವ ಅವರ ಮೊದಲ ಆಲ್ಬಂ ‘ಹಾರ್ಸಸ್’ ಬಂದಾಗ ಅದರ ಮೊದಲ ಸಾಲು ಅವರ ಹಳೆಯ ಕವಿತೆ ‘ಓತ್’ನಿಂದ ಬಂದದ್ದೇ ಆಗಿತ್ತು. ಹಾಗಾಗಿ ವಾಚನವನ್ನು ಬಿಟ್ಟು ಅವರ ಹಾಡನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ.

ನಿಮ್ಮ ಹುಡುಕಾಟವೇ ತಪ್ಪು ಅಂತ ಹೇಳುತ್ತಿಲ್ಲ. ಅದೇ ಆಲ್ಬಂನ ‘ಬ್ರೇಕ್ ಇಟ್ ಅಪ್’ನಲ್ಲಿ ‘ದ ಡೋರ್ಸ್’ ಬ್ಯಾಂಡಿನ ಗಾಯಕ ಜಿಮ್ ಮಾರಿಸನ್ ನಿಜಕ್ಕೂ ಅಡಗಿದ್ದಾರೆ, ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಕಲ್ಲಿಗೆ ಬಂಧಿಯಾಗಿದ್ದ ಅವರು ಬಿಡಿಸಿಕೊಂಡು ಹಾರಿದ ಹಾಗೆ ಪ್ಯಾಟಿಗೆ ಕನಸು ಬಿದ್ದಿತ್ತಂತೆ. ಇದನ್ನು ಪ್ಯಾಟಿಯವರೇ ಹೇಳಿದ್ದಾರೆ. ಈ ಸಲ ಹಾಡಿನ ಸಾಲುಗಳನ್ನು ಪಕ್ಕಕ್ಕಿಟ್ಟು ‘ಬ್ರೇಕ್ ಇಟ್ ಅಪ್’ ಕೇಳಿ. ಅವರ ದನಿ ಎಲ್ಲಿ ನಡುಗಿತು, ಆಗ ನಿಮಗೇನು ಅನಿಸಿತು, ಬರೆದು ಕಳಿಸಿ. ಖಂಡಿತ ಪ್ರಕಟಿಸುತ್ತೇವೆ.

– ಸಂ.