ಫೈರ್‌ವಾಲ್ ಕರ್ನಲ್‌ನೊಳಗೇ ಇರಬೇಕೇ, ಮಾಡ್ಯೂಲ್ ಆಗಿದ್ದರೆ ಸಾಕೇ?

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿಗೆ ಬರುವ ಇಂಟರ್‌ನೆಟ್ ಸಂಪರ್ಕವನ್ನು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದ ಹಳೆಯ ಕಂಪ್ಯೂಟರೊಂದರ ಮೂಲಕ ಹಾಯಿಸಿದ್ದೇವೆ. ಅದರಲ್ಲಿ ಐಪಿಎಫ್‌ಡಬ್ಲ್ಯೂ ಫೈರ್‌ವಾಲ್ ಬಳಸುವ ವಿಚಾರವಿದೆ. ಆ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಹೊಸದಾಗಿ ಕಂಪೈಲ್ ಮಾಡಿ ಫೈರ್‌ವಾಲನ್ನು ಅದರೊಳಗೇ ಸೇರಿಸಿದರೆ ಮಾತ್ರ ವೇಗವೂ ಭದ್ರತೆಯೂ ಸಿಗುತ್ತವೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಬೇಕೆಂದಾಗ ಕರ್ನಲ್ಲಿಗೆ ಲೋಡ್ ಮಾಡಿಕೊಳ್ಳುವ ಮಾಡ್ಯೂಲ್ ಸಾಲದೇ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಲ್ಯಾಬಿಗೆ ಮಾಡ್ಯೂಲ್ ಧಾರಾಳವಾಗಿ ಸಾಕು. ವೇಗದ ಮಾತನ್ನು ಮೊದಲು ಬದಿಗಿಡೋಣ. ಒಮ್ಮೆ ಲೋಡ್ ಆದ ಮಾಡ್ಯೂಲ್ ಕರ್ನಲ್‌ನ ಸ್ಮರಣೆಯಲ್ಲೇ, ಕರ್ನಲ್‌ನ ಅಂಗವಾಗಿಯೇ ಕೆಲಸ ಮಾಡುವುದರಿಂದ, ಪ್ಯಾಕೆಟ್‌ಗಳನ್ನು (ನೆಟ್‌ವರ್ಕ್‌ನಲ್ಲಿ ಸಾಗುವ ದತ್ತಾಂಶದ ತುಣುಕುಗಳನ್ನು) ಜರಡಿ ಹಿಡಿಯುವಾಗ ನಿಮ್ಮ ಗಮನಕ್ಕೆ ಬರುವಂಥ ವ್ಯತ್ಯಾಸವೇನೂ ಇರುವುದಿಲ್ಲ. ನಿಮ್ಮ ಸಹೋದ್ಯೋಗಿಯವರ ಮಾತು ಹಳೆಯ ಅನುಭವದಿಂದ ಬಂದಿರಬೇಕು. ವಿಳಾಸ ಬದಲಾವಣೆಗೆ, ಪ್ಯಾಕೆಟ್‌ಗಳನ್ನು ಬೇರೆಡೆಗೆ ತಿರುಗಿಸುವುದಕ್ಕೆ ಕರ್ನಲ್ ಕಂಪೈಲ್ ಮಾಡಲೇಬೇಕಾಗಿದ್ದ ಕಾಲ ಒಂದಿತ್ತು. ಈಗ ಆ ಸೌಲಭ್ಯಗಳೂ ಲಾಗ್ ಬರೆಯುವ ವ್ಯವಸ್ಥೆಯೂ ಕಂಪೈಲ್ ಮಾಡದೆಯೇ ಸಿಗುತ್ತವೆ.

ಕಂಪೈಲ್ ಮಾಡಿದ ಕರ್ನಲ್ಲಿಗೆ ಮುಂದೆ ತೆರಬೇಕಾದ ಬೆಲೆಯನ್ನು ಮಾತ್ರ ಯಾರೂ ಮೊದಲು ಹೇಳುವುದಿಲ್ಲ. ಫ್ರೀಬಿಎಸ್‌ಡಿ ಅಪ್‌ಡೇಟ್ ಎಂಬ ಸಾಧನ, ತಂಡವು ಹೊರತರುವ ಜೆನೆರಿಕ್ ಕರ್ನಲ್ಲನ್ನಷ್ಟೇ ಸಿದ್ಧ ರೂಪದಲ್ಲಿ ನವೀಕರಿಸುತ್ತದೆ. ನೀವೇ ಕಟ್ಟಿಕೊಂಡ ಕರ್ನಲ್ಲಿಗೆ ಭದ್ರತಾ ತಿದ್ದುಪಡಿ ಬಂದಾಗಲೆಲ್ಲ ನೀವೇ ಮತ್ತೆ ಕಂಪೈಲ್ ಮಾಡಬೇಕು. ಪರೀಕ್ಷೆಯ ದಿನಗಳಲ್ಲಿ ಲ್ಯಾಬ್ ನೋಡಿಕೊಳ್ಳುವವರು ಆ ಕೆಲಸವನ್ನು ಮುಂದೂಡುತ್ತಾರೆ, ಮುಂದೂಡಿದ್ದು ಮರೆತುಹೋಗುತ್ತದೆ. ಭದ್ರತೆಗೆಂದು ಮಾಡಿದ ಏರ್ಪಾಡೇ ಹೀಗೆ ಭದ್ರತೆಗೆ ಅಡ್ಡಿಯಾಗುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ನಿಜವಾಗಿ ಯೋಚಿಸಬೇಕಾದದ್ದು ಯಾವುದು? ಯಂತ್ರ ಏಳುವ ಹೊತ್ತಿನಲ್ಲಿ ಫೈರ್‌ವಾಲ್ ಯಾವ ಕ್ಷಣಕ್ಕೆ ಜಾಗೃತವಾಗುತ್ತದೆ ಎಂಬುದು. ಆರ್‌ಸಿ.ಕಾನ್ಫ್ ಕಡತದಲ್ಲಿ ಫೈರ್‌ವಾಲ್ ಎನೇಬಲ್ ಎಂದಷ್ಟೇ ಬರೆದರೆ, ನೆಟ್‌ವರ್ಕ್ ಕಾರ್ಡುಗಳು ಚಾಲೂ ಆದ ಮೇಲೆ ಮಾಡ್ಯೂಲ್ ಲೋಡ್ ಆಗುತ್ತದೆ. ನಡುವೆ ಅಲ್ಪಕಾಲ ಬಾಗಿಲು ತೆರೆದೇ ಇರುತ್ತದೆ. ಅದೇ ಮಾಡ್ಯೂಲನ್ನು ಲೋಡರ್.ಕಾನ್ಫ್ ಕಡತದಲ್ಲಿ ಹೆಸರಿಸಿದರೆ ಬೂಟ್ ಲೋಡರ್ ಅದನ್ನು ಕರ್ನಲ್ ಜೊತೆಯಲ್ಲೇ ಸ್ಮರಣೆಗೆ ತರುತ್ತದೆ, ಆ ಬಿರುಕು ಮುಚ್ಚಿಹೋಗುತ್ತದೆ. ಒಳಗೇ ಸೇರಿಸಿದ ಫೈರ್‌ವಾಲಿನಿಂದ ದೊರೆಯುವ ಮುಖ್ಯ ಲಾಭ ಹೀಗೆ ಒಂದು ಸಾಲಿನ ಬರಹದಿಂದಲೇ ದೊರೆಯುತ್ತದೆ. ಸೆಕ್ಯೂರ್‌ಲೆವೆಲ್ ಎಂಬ ಕರ್ನಲ್‌ನ ಭದ್ರತಾ ಮಟ್ಟವನ್ನು 1 ಅಥವಾ ಹೆಚ್ಚಿನ ಮಟ್ಟಕ್ಕೆ ಏರಿಸಿದ ಮೇಲೆ ಮಾಡ್ಯೂಲ್‌ಗಳನ್ನು ಹಾಕುವುದಾಗಲಿ ತೆಗೆಯುವುದಾಗಲಿ ಸಾಧ್ಯವಿಲ್ಲದ ಕಾರಣ, ಯಾರಾದರೂ ಮಾಡ್ಯೂಲನ್ನು ಕಿತ್ತುಹಾಕಿಯಾರು ಎಂಬ ಭಯಕ್ಕೂ ಪರಿಹಾರವಿದೆ.

ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಐಪಿಎಫ್‌ಡಬ್ಲ್ಯೂವಿನಲ್ಲಿ 65535ನೆಯ ಸಂಖ್ಯೆಯ ಕೊನೆಯ ನಿಯಮವೊಂದು ಸದಾ ಇರುತ್ತದೆ. ನೀವು ಬೇರೆ ಹೇಳದಿದ್ದರೆ ಅದು ಎಲ್ಲ ಪ್ಯಾಕೆಟ್‌ಗಳನ್ನೂ ತಡೆಯುತ್ತದೆ. ಹಲವು ವರ್ಷಗಳ ಹಿಂದೆ ನಾನು ಮನೆಯಿಂದ ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರೊಂದಕ್ಕೆ ಲಾಗಿನ್ ಆಗಿ, ಕೆಎಲ್‌ಡಿಲೋಡ್ ಆದೇಶದಿಂದ ಈ ಮಾಡ್ಯೂಲನ್ನು ಲೋಡ್ ಮಾಡಿ ಎಂಟರ್ ಒತ್ತಿದೆ. ಕರ್ಸರ್ ಅಲ್ಲೇ ನಿಂತಿತು. ನಾನು ಒತ್ತಿದ ಒಂದು ಅಕ್ಷರವೂ ಪರದೆಯ ಮೇಲೆ ಮೂಡಲಿಲ್ಲ. ನಾನು ಬರೆದ ನಿಯಮ ಒಂದೂ ಇಲ್ಲದ ಫೈರ್‌ವಾಲ್ ನನ್ನ ಸಂಪರ್ಕವನ್ನೇ ಮೊದಲು ಕಡಿದಿತ್ತು. ರಾತ್ರಿಯೇ ಹೊರಟು ಹೋಗಿ ಯಂತ್ರದ ಎದುರು ಕೂತು ಸರಿಪಡಿಸಬೇಕಾಯಿತು. ಆದ್ದರಿಂದ ದೂರದಿಂದ ಲೋಡ್ ಮಾಡುವುದೇ ಆದರೆ, ಮಾಡ್ಯೂಲ್ ಲೋಡ್ ಮಾಡುವ ಆದೇಶವನ್ನೂ ಎಲ್ಲಕ್ಕೂ ಅನುಮತಿ ನೀಡುವ, 65535ಕ್ಕಿಂತ ಕಡಿಮೆ ಸಂಖ್ಯೆಯ ತಾತ್ಕಾಲಿಕ ನಿಯಮವನ್ನೂ ಎರಡು ಆಂಪರ್‌ಸ್ಯಾಂಡ್‌ಗಳಿಂದ ಜೋಡಿಸಿ ಒಂದೇ ಸಾಲಿನಲ್ಲಿ ಕೊಡಿ. ಅದಕ್ಕೂ ಮೊದಲು, ಹತ್ತು ನಿಮಿಷದ ನಂತರ ಯಂತ್ರ ತಾನಾಗಿ ರೀಬೂಟ್ ಆಗುವಂತೆ ಹೊಂದಿಸಿಡಿ. ಎಲ್ಲ ಸರಿಹೋದರೆ ಅದನ್ನು ರದ್ದು ಮಾಡಬಹುದು. ರೀಬೂಟ್ ಆದಾಗ ಫೈರ್‌ವಾಲ್ ಮತ್ತೆ ಲೋಡ್ ಆಗದೆ ಈ ಉಪಾಯ ಫಲಿಸಬೇಕಾದರೆ, ಈ ಪ್ರಯೋಗ ಮುಗಿಯುವವರೆಗೆ ಮೇಲೆ ಹೇಳಿದ ಎರಡೂ ಕಡತಗಳಲ್ಲಿ ಫೈರ್‌ವಾಲಿನ ಸಾಲುಗಳನ್ನು ಬರೆಯಕೂಡದು. ನಿಯಮಗಳನ್ನೆಲ್ಲ ಅಳಿಸುವ ಫ್ಲಶ್ ಆದೇಶವೂ ಇಷ್ಟೇ ಅಪಾಯಕಾರಿ, ಏಕೆಂದರೆ ಅದರ ನಂತರ ಉಳಿಯುವುದು ಆ 65535 ಒಂದೇ.

ಪ್ರಶ್ನೆ: ಲಿನಕ್ಸಿನಲ್ಲೂ ಇದೇ ಅಪಾಯ ಇದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲಿ ಅಪಾಯ ಇದಕ್ಕೆ ತಿರುವುಮುರುವಾಗಿದೆ. 2001ರಲ್ಲಿ ಬಂದ 2.4 ಕರ್ನಲ್‌ನಿಂದ ನೆಟ್‌ಫಿಲ್ಟರ್ ಎಂಬ ಪ್ಯಾಕೆಟ್ ಜರಡಿ ಬಳಕೆಯಲ್ಲಿದೆ, ವಿತರಣೆಗಳು ಅದರ ಹೆಚ್ಚಿನ ಭಾಗಗಳನ್ನು ಮಾಡ್ಯೂಲ್‌ಗಳಾಗಿಯೇ ಕೊಡುತ್ತವೆ. ಅದಕ್ಕೆ ನಿಯಮ ಕೊಡುವ ಐಪಿಟೇಬಲ್ಸ್ ಸಾಧನದ ಸರಪಳಿಗಳ (ನಿಯಮಗಳ ಪಟ್ಟಿಗಳ) ಆರಂಭಿಕ ನೀತಿ ‘ಅನುಮತಿ’ಯಾಗಿರುವುದರಿಂದ, ಮಾಡ್ಯೂಲ್ ಲೋಡ್ ಆದ ಮಾತ್ರಕ್ಕೆ ನಿಮ್ಮ ಸಂಪರ್ಕ ಕಡಿಯುವುದಿಲ್ಲ, ರಕ್ಷಣೆಯೂ ಸಿಗುವುದಿಲ್ಲ. ಹೀಗಾಗಿ ನಿಯಮಗಳನ್ನು ತುಂಬುವ ಸೇವೆಯು ನೆಟ್‌ವರ್ಕ್‌ಗಿಂತ ಮೊದಲೇ ಆರಂಭವಾಗುತ್ತದೆಯೇ ಎಂದು ನೋಡಿಕೊಳ್ಳಿ. ಮಾಡ್ಯೂಲ್ಸ್ ಡಿಸೇಬಲ್ಡ್ ಎಂಬ ಸಿಸ್ಟಂ ಸೆಟ್ಟಿಂಗನ್ನು 1 ಎಂದು ಬದಲಿಸುವವರಿದ್ದರೆ, ಬೇಕಾದ ಮಾಡ್ಯೂಲ್‌ಗಳೆಲ್ಲ ಲೋಡ್ ಆಗಿವೆಯೇ ಎಂದು ಅದಕ್ಕೆ ಮೊದಲೇ ಎಲ್‌ಎಸ್‌ಮಾಡ್ ಆದೇಶದಿಂದ ಪರಿಶೀಲಿಸಲಿ. ಒಮ್ಮೆ 1 ಆದರೆ ರೀಬೂಟ್ ಆಗುವವರೆಗೆ ಅದನ್ನು ಹಿಂದಕ್ಕೆ ತರಲಾಗದು.